ಜಾಲತಾಣದ ಅಸಲಿ ಫಲಾನುಭವಿ

ಸರ್ಕಾರಿ ಜಾಲತಾಣಗಳು ಜನರಿಗೆ ಅನುಕೂಲವಾಗಿಲ್ಲ ಎಂದು ಗೊಣಗುವವರಿದ್ದಾರೆ. ಅವನ್ನು ಜನರಿಗಾಗಿ ಮಾಡಿಸಿದ್ದು ಅಂತ ಇವರಿಗೆ ಹೇಳಿದವರಾರು? ಮುಖಪುಟ ತೆರೆಯಿರಿ. ಎಡಕ್ಕೆ ಮುಖ್ಯಮಂತ್ರಿಗಳು, ಬಲಕ್ಕೆ ಇಲಾಖೆಯ ಸಚಿವರು, ಉಳಿದ ಸಂದಿಯಲ್ಲಿ ರಾಜ್ಯ ಲಾಂಛನ. ಉದ್ಘಾಟನೆಯ ದಿನ ಸಚಿವರು ಮೌಸ್ ಒತ್ತಿದ ಕೂಡಲೇ ಅವರ ಮುಖ ಅವರಿಗೆ ಕಾಣಿಸಿತೋ ಇಲ್ಲವೋ? ಕಾಣಿಸಿತು. ತಾಣ ಪಾಸು.

ನಿಯಮಗಳಿಗೇನೂ ಬರವಿಲ್ಲ. ಸರ್ಕಾರಿ ತಾಣ ಹೇಗಿರಬೇಕೆಂದು ಕೇಂದ್ರ 2009ರಲ್ಲೇ ಮಾರ್ಗಸೂಚಿ ಹೊರಡಿಸಿದೆ; 2023ರಲ್ಲಿ ಅದರ ಮೂರನೇ ಆವೃತ್ತಿಯೂ ಬಂತು. ದೃಷ್ಟಿ ಇಲ್ಲದವರು ಸ್ಕ್ರೀನ್ ರೀಡರ್ ಇಟ್ಟುಕೊಂಡು ಬಳಸುವಂತಿರಬೇಕು ಅನ್ನುತ್ತದೆ ಅದು. ನಮ್ಮವರು ವಿಧೇಯರು. ಅಕ್ಷರ ಹಿಗ್ಗಿಸುವ ಮೂರು ಗುಂಡಿಗಳನ್ನು ಮೂಲೆಯಲ್ಲಿ ಕೂರಿಸಿ, ಸುತ್ತೋಲೆಯನ್ನು ಮಾತ್ರ ಓರೆಯಾಗಿ ಸ್ಕ್ಯಾನ್ ಮಾಡಿ, ಸಹಿ ಮೊಹರಿನ ಸಮೇತ ಪಿಡಿಎಫ್ ಮಾಡಿ ಏರಿಸುತ್ತಾರೆ. ಸ್ಕ್ರೀನ್ ರೀಡರ್‌ಗೆ ಅದೊಂದು ಚಿತ್ರ, ಅಷ್ಟೇ. ಪಕ್ಕದಲ್ಲಿ 'ಹೊಸದು' ಎಂಬ ಕೆಂಪು ಚೀಟಿ ಮಿಣಮಿಣ ಅನ್ನುತ್ತಿರುತ್ತದೆ. ಸುತ್ತೋಲೆಯ ತಾರೀಖು ನೋಡಿದರೆ 2017. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಮೈಕ್ರೋಸಾಫ್ಟೇ 2022ರ ಜೂನ್‌ನಲ್ಲಿ ಎಳ್ಳುನೀರು ಬಿಟ್ಟಾಗಿದೆ. ಅದರಲ್ಲಿ ನೋಡಿದರೇ ಚೆನ್ನ ಎಂದು ಪುಟದ ಬುಡದಲ್ಲಿ ಬರೆದುಕೊಂಡ ತಾಣಗಳು ಇನ್ನೂ ವರ್ಷಾಂತಿಕ ಮಾಡುತ್ತಿರಬೇಕು.

ಇನ್ನು ಅರ್ಜಿ. 'ಕನ್ನಡ' ಎಂಬ ಗುಂಡಿ ಒತ್ತಿದರೆ ತಲೆಬರಹ ಕನ್ನಡವಾಗುತ್ತದೆ, ಫಾರಂ ಇಂಗ್ಲಿಷಿನಲ್ಲೇ ಉಳಿಯುತ್ತದೆ, ತಪ್ಪು ಮಾಡಿದರೆ ಬೈಗುಳವೂ ಇಂಗ್ಲಿಷಿನಲ್ಲೇ ಬರುತ್ತದೆ. ಸರ್‌ನೇಮ್ ಕಡ್ಡಾಯ. ಆಧಾರ್‌ನಲ್ಲಿ ರೈತನ ಹೆಸರು ಒಂದೇ ಪದ. ಖಾಲಿ ಬಿಟ್ಟರೆ ಕೆಂಪು ಅಕ್ಷರ. ಚುಕ್ಕಿ ಇಟ್ಟರೆ ವಿಶೇಷ ಚಿಹ್ನೆ ಸಲ್ಲದು. ಅಪ್ಪನ ಹೆಸರು ಸೇರಿಸಿದರೆ ಆಧಾರ್‌ಗೆ ತಾಳೆಯಾಗುತ್ತಿಲ್ಲ. ಫೋಟೊ 20 ಕೆಬಿಗೆ ಕಡಿಮೆ ಇರಬಾರದು, 50 ದಾಟಬಾರದು. ಮೊಬೈಲಿನಲ್ಲಿ ತೆಗೆದ ಮುಖವೋ, ಅದರ ಹತ್ತಾರು ಪಟ್ಟು ದಪ್ಪ. ಅದನ್ನು ಸಣ್ಣ ಮಾಡುವಷ್ಟರಲ್ಲಿ ಓಟಿಪಿ ಹಳಸಿರುತ್ತದೆ. ಎಲ್ಲ ಗೆದ್ದು ಸಬ್‌ಮಿಟ್ ಒತ್ತಿದಿರೋ, ಅವಧಿ ಮುಗಿದಿದೆ, ಮತ್ತೆ ಲಾಗಿನ್ ಆಗಿ. ಅಷ್ಟು ಹೊತ್ತು ತುಂಬಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಬ್ರಿಟನ್ನಿನವರು 2012ರಲ್ಲಿ ಇಲಾಖೆಗಳನ್ನೆಲ್ಲ ಒಂದೇ ತಾಣಕ್ಕೆ ತರಲು ಹೊರಟರು. ಬಿಳಿ ಪುಟ, ಕಪ್ಪು ಅಕ್ಷರ, ಬೇಕಾದ್ದು ಮೊದಲಿಗೇ. ಮರುವರ್ಷ ಲಂಡನ್ನಿನ ಡಿಸೈನ್ ಮ್ಯೂಸಿಯಂ ಅದಕ್ಕೆ ವರ್ಷದ ವಿನ್ಯಾಸ ಪ್ರಶಸ್ತಿ ಕೊಟ್ಟಿತು. ಪ್ರಧಾನಿ ಫೋಟೊ ಇಲ್ಲ, ಓಡುವ ಅಕ್ಷರ ಇಲ್ಲ, ಶುಭಾಶಯ ಇಲ್ಲ. ನಮ್ಮಲ್ಲಾಗಿದ್ದರೆ ಗುತ್ತಿಗೆದಾರನ ಬಿಲ್ಲೇ ಪಾಸಾಗುತ್ತಿರಲಿಲ್ಲ.

'ಭೂಮಿ' ಯೋಜನೆ ಬಂದು ಪಹಣಿ ಕಂಪ್ಯೂಟರ್ ಏರಿದಾಗ ಗ್ರಾಮಲೆಕ್ಕಿಗರ ಹಂಗು ಹರಿಯಿತೆಂದು ಹಿಗ್ಗಿದವರು ನಾವು. ಹಂಗೇನೂ ಹರಿಯಲಿಲ್ಲ. ರಸ್ತೆ ದಾಟಿ, ತಾಲ್ಲೂಕು ಕಚೇರಿ ಎದುರಿನ ಸೈಬರ್ ಸೆಂಟರಿನಲ್ಲಿ ಕೂತಿತು. ಅಲ್ಲಿನ ಹುಡುಗನಿಗೆ ಸರ್‌ನೇಮ್ ಜಾಗದಲ್ಲಿ ಅದೇ ಹೆಸರನ್ನು ಇನ್ನೊಮ್ಮೆ ಒತ್ತಬೇಕೆಂಬುದು ಗೊತ್ತು. ಮುಖವನ್ನು 49 ಕೆಬಿಗೆ ಇಳಿಸುವುದು ಗೊತ್ತು. ಹಗಲು ಬಿಜಿಯಾಗಿರುವ ಸರ್ವರ್ ರಾತ್ರಿ ಹನ್ನೊಂದರ ಮೇಲೆ ಮಾತಿಗೆ ಸಿಗುತ್ತದೆಂಬುದೂ ಗೊತ್ತು. ಅರ್ಜಿ ಉಚಿತ, ಹುಡುಗನಿಗೆ ನೂರು ರೂಪಾಯಿ. ಇಲಾಖೆಯಲ್ಲಿ ಯಾರಿಗೂ ಗೊತ್ತಿಲ್ಲದ್ದು ಅವನಿಗೆ ಗೊತ್ತಿರುವಾಗ ನೂರು ಹೆಚ್ಚೇನಲ್ಲ ಬಿಡಿ. ತಾಣ ನೋಡಿದೊಡನೆ ಅರ್ಥವಾಗುವಂತಿದ್ದರೆ ಆ ಸಾಲಿನ ಅಷ್ಟೂ ಅಂಗಡಿಗಳು ಬಾಗಿಲು ಹಾಕಬೇಕಿತ್ತು. ಉದ್ಯೋಗ ಮೇಳಗಳಿಂದ ಆಗದ್ದನ್ನು ಒಂದು ಕೆಟ್ಟ ಫಾರಂ ಸದ್ದಿಲ್ಲದೆ ಮಾಡಿದೆ.

ಈಗ ಇಲಾಖೆ ತಾಣವನ್ನು 'ಇನ್ನಷ್ಟು ಸರಳಗೊಳಿಸಿ' ಹೊಸ ಆವೃತ್ತಿ ತರುತ್ತದಂತೆ. ಸುದ್ದಿ ಕೇಳಿದ್ದೇ ಹುಡುಗ ಅಂಗಡಿಗೆ ಇನ್ನೆರಡು ಪ್ಲಾಸ್ಟಿಕ್ ಕುರ್ಚಿ ತರಿಸಿ, ಬೋರ್ಡಿನಲ್ಲಿದ್ದ ನೂರನ್ನು ಅಳಿಸಿ ನೂರೈವತ್ತು ಬರೆದಿದ್ದಾನೆ.