ಹಾಫ್ ಸಾವಕಾರರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ: ಈ ನಾಲ್ಕರಲ್ಲಿ ಯಾವ ಊರಿಗೆ ಹೋದರೂ ಈಗ ಇಂಥವರೊಬ್ಬರು ಸಿಗುತ್ತಾರೆ. ವಯಸ್ಸು ನಲವತ್ತೈದರ ಆಚೀಚೆ. ಸವದತ್ತಿಯಲ್ಲಿ ಬ್ಯಾಂಕ್ ಮ್ಯಾನೇಜರು, ರಾಮದುರ್ಗದಲ್ಲಿ ಹೈಸ್ಕೂಲಿನ ಗಣಿತ ಮಾಸ್ತರು, ಕಿತ್ತೂರಿನಲ್ಲಿ ಹಲ್ಲಿನ ಡಾಕ್ಟರು. ಮಣಿಕಟ್ಟಿನಲ್ಲಿ ದೊಡ್ಡದೊಂದು ಕಪ್ಪು ವಾಚು. ಎದುರಾದವರು ಬಾಯಿಮಾತಿಗೆ "ಆರಾಮ ಅದೀರೇನ್ರಿ?" ಎಂದರೆ "ಹೂಂ" ಎಂದು ಬಿಡುವುದಿಲ್ಲ. ವಾಚು ನೋಡಿ, ಈ ಕ್ಷಣದ ಎದೆಬಡಿತ ಎಷ್ಟು, ರಾತ್ರಿ ಗಾಢನಿದ್ದೆ ಎಷ್ಟು ಎಂದು ವರದಿ ಕೊಡುತ್ತಾರೆ. ಬೈಲಹೊಂಗಲದಲ್ಲಿ ಇವರು ಬೀಜ-ಗೊಬ್ಬರದ ಅಂಗಡಿಯ ಮಾಲಕರು. ಎದುರಿಗೆ ಎಲ್ಲರಿಗೂ ಸಾವಕಾರ್ರು. ಬೆನ್ನ ಹಿಂದೆ, ಈಚೆಗೆ, ಹಾಫ್ ಸಾವಕಾರ್ರು.

ಎಲ್ಲ ಶುರುವಾದದ್ದು ರಕ್ತಪರೀಕ್ಷೆಯಿಂದ. ಡಾಕ್ಟರು ಚೀಟಿ ನೋಡಿ, "ಶುಗರ್ ಬಾರ್ಡರಿನಾಗ ಐತ್ರಿ, ದಿನಾ ಅರ್ಧಾ ತಾಸು ಅಡ್ಡಾಡ್ರಿ" ಎಂದರು. ಬೆಳಗಾವಿ ಜಿಲ್ಲೆಯ ಮನುಷ್ಯ, ಬಾರ್ಡರ್ ಎಂದು ಕಿವಿಗೆ ಬಿದ್ದ ಮೇಲೆ ಬರೀ ಅಡ್ಡಾಡಿ ಸುಮ್ಮನಾಗುವುದುಂಟೆ? ಆದರೂ ಒಂದು ವಾರ ಅಡ್ಡಾಡಿದರು. ಅಷ್ಟರಲ್ಲಿ ಬೆಂಗಳೂರಿನ ಷಡ್ಡಕ ಫೋನಿಗೆ ಒಂದು ಫೋಟೊ ಕಳಿಸಿದ. 2008ರಿಂದ ಅಲ್ಲಿ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟದ ಪದಕ ಕೊರಳಲ್ಲಿತ್ತು. ಸಾವಕಾರರ ಹೆಂಡತಿ ಆ ಫೋಟೊ ನೋಡಿ, "ನೋಡ್ರಿ, ನಮ್ಮ ತಂಗಿ ಗಂಡ ಹೆಂಗ ತೆಳ್ಳಗಾಗ್ಯಾರ" ಎಂದಳು. ಆ ರಾತ್ರಿಯೇ ಸಾವಕಾರರು ಹತ್ತರ ಮುಂದಿನ ಅಂಕಿ ಯಾವುದೆಂದು ಹುಡುಕಿದರು. ಹಾಫ್ ಮ್ಯಾರಥಾನ್ ಎಂದು ಬಂತು.

ಈ ಕಾರಣವನ್ನು ಅವರು ಇವತ್ತಿನವರೆಗೆ ಯಾರ ಮುಂದೂ ಹೇಳಿಲ್ಲ. ಕೇಳಿದವರಿಗೆ ಶಿಸ್ತು, ಆರೋಗ್ಯ, ಮನಶ್ಶಾಂತಿ ಎನ್ನುತ್ತಾರೆ. ಊರಿನವರಿಗೆ ಅದು ರುಚಿಸುವುದಿಲ್ಲ. ಈ ಸೀಮೆಯಲ್ಲಿ ಕಾರಣವಿಲ್ಲದೆ ಓಡುವವರನ್ನು ಯಾರೂ ಕಂಡಿಲ್ಲ. ಹಾಗಾಗಿ ತಮಗೆ ತಿಳಿದ ಕಾರಣವನ್ನು ತಾವೇ ಹಚ್ಚಿಕೊಂಡರು.

ಮೊದಲ ದಿನ ನಸುಕಿನಲ್ಲಿ ಒಬ್ಬ ಬೈಕಿನವ ನಿಂತ. "ಬಸ್ ತಪ್ಪೇತೇನ್ರಿ ಸಾವಕಾರ್ರ? ಹತ್ರಿ, ಮುಟ್ಟಸ್ತೇನಿ." ಬೇಡವೆಂದು ಕೈ ಮಾಡಿದ್ದಕ್ಕೆ ಅವನಿಗೆ ಬೇಜಾರಾಯಿತು. ಎರಡನೆಯವನಿಗೆ ಗಾಡಿ ಕೆಟ್ಟಿದೆ ಎನಿಸಿತು, ಮೂರನೆಯವನು ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೋ ಎಂದು ಗಾಬರಿಯಾದ. ಅದು ಕಬ್ಬು ನುರಿಸುವ ಹಂಗಾಮು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಸಾಗುತ್ತಿದ್ದವು. ರಸ್ತೆಯ ಈ ಮಗ್ಗಲು ಸಕ್ಕರೆ ಇಳಿಸಲು ಓಡುವ ಸಾವಕಾರರು, ಆ ಮಗ್ಗಲು ಸಕ್ಕರೆ ಮಾಡಲು ಓಡುವ ಕಬ್ಬು. ಟ್ರ್ಯಾಕ್ಟರೇ ಮುಂದೆ ಹೋಗುತ್ತಿತ್ತು.

ವೇಗದ ಪಾಠವನ್ನು ನಾಯಿಗಳು ಕಲಿಸಿದವು. ನಡುನಡುವೆ ಜೋರಾಗಿ ಓಡಿ ಮತ್ತೆ ನಿಧಾನವಾಗುವ ಕ್ರಮಕ್ಕೆ ಫಾರ್ಟ್‌ಲೆಕ್ ಎನ್ನುತ್ತಾರೆ. ಸ್ವೀಡನ್ನಿನ ತರಬೇತುದಾರ ಯೋಸ್ಟಾ ಹೋಲ್ಮೆರ್ 1930ರ ದಶಕದಲ್ಲಿ ಅದನ್ನು ರೂಪಿಸಿದ. ಬೈಲಹೊಂಗಲದ ಗಲ್ಲಿಗಳಲ್ಲಿ ಅದಕ್ಕೆ ತರಬೇತುದಾರ ಬೇಕಾಗುವುದಿಲ್ಲ.

ದೂರ ಎಷ್ಟೆಂದು ಕೇಳಿದರೆ ಸಾವಕಾರರು "ಇಪ್ಪತ್ತೊಂದು" ಎನ್ನುವವರಲ್ಲ. "21.0975 ಕಿಲೋಮೀಟರ್" ಎಂದು ಕೊನೆಯ ಐದನ್ನೂ ಬಿಡದೆ ಹೇಳುತ್ತಾರೆ. "ಇಲ್ಲೇ ಐತ್ರಿ, ಒಂದ ಬೀಡಿ ಸೇದೂದ್ರಾಗ ಬರ್ತೈತಿ" ಎಂದು ದಾರಿ ಅಳೆಯುವವರ ನಡುವೆ ಆ ತೊಂಬತ್ತೇಳೂವರೆ ಮೀಟರು ಚಹಾದಂಗಡಿಯ ಚರ್ಚೆಗೆ ಬಂತು. ಮೂರು ಮೈಲಿಗೊಂದು ಹರದಾರಿ ಎಂಬ ಹಳೇ ಲೆಕ್ಕ ಹಿಡಿದರೆ ನಾಲ್ಕು ಹರದಾರಿ, ಮೇಲೊಂದಿಷ್ಟು ಚಿಲ್ಲರೆ. ಈ ಚಿಲ್ಲರೆ ಯಾಕೆ? ಸಾವಕಾರರು ಓದಿಕೊಂಡಿದ್ದರು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟವನ್ನು ವಿಂಡ್ಸರ್ ಅರಮನೆಯಲ್ಲಿ ಶುರುಮಾಡಿ, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಜಾಗದ ಎದುರಿಗೆ ಮುಗಿಸಿದರು. ಅದು 42.195 ಕಿಲೋಮೀಟರ್ ಆಯಿತು. 1921ರಲ್ಲಿ ಅದನ್ನೇ ಕಾಯಂ ಮಾಡಿದರು. ಅದರರ್ಧ ಇದು.

ಬೆಂಚಿನ ಮೇಲಿದ್ದ ನಿವೃತ್ತ ಪಿ.ಟಿ. ಮಾಸ್ತರು ಬಸಿಯಲ್ಲಿದ್ದ ಚಹಾ ಮುಗಿಸಿ ಕೇಳಿದರು: "ಅಂದ್ರ, ಕಿತ್ತೂರ ಸೀಮ್ಯಾಗ ಹುಟ್ಟಿ, ಇಂಗ್ಲೆಂಡಿನ ರಾಣಿ ಕುಂತಲ್ಲಿಮಟ ಓಡಿ, ತೊಂಬತ್ತೇಳೂವರಿ ಮೀಟರ್ ಕಪ್ಪ ಕೊಡಾವ್ರೇನ್ರಿ ನೀವು?"

1824ರಲ್ಲಿ ಕಲೆಕ್ಟರ್ ಥ್ಯಾಕರೆಯ ಪಡೆಯನ್ನು ಸೋಲಿಸಿದ ಸೀಮೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಸಾವಕಾರರ ಮುಖ ಸಣ್ಣಗಾದದ್ದು ನೋಡಿ ಮಾಸ್ತರೇ ಸಮಾಧಾನಕ್ಕೆ ಇನ್ನೊಂದು ಕತೆ ತೆಗೆದರು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ ಕ್ರೀಡಾಕೂಟ ನಡೆದಿತ್ತು. ಒಕ್ಕಲು ಮಕ್ಕಳು ಬರಿಗಾಲಲ್ಲಿ ಓಡಿದ್ದನ್ನು ಕಂಡು ದೊರಾಬ್ಜಿ ಟಾಟಾ ಬೆರಗಾದರು, ಮರುವರ್ಷ ಬೆಲ್ಜಿಯಮ್ಮಿನ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಭಾರತದ ತಂಡ ಹೋಗುವಂತೆ ನೋಡಿಕೊಂಡರು. ಆ ತಂಡದಿಂದ ಮ್ಯಾರಥಾನ್ ಓಡಿದವರಲ್ಲಿ ಒಬ್ಬ ಬೆಳಗಾವಿಯ ಪಡೆಪ್ಪ ದರೆಪ್ಪ ಚೌಗುಲೆ. ಸಾವಕಾರರು ಮುಂದಿನದನ್ನು ಕೇಳಲಿಲ್ಲ. "ನಮ್ಮ ಜಿಲ್ಲಾದ ರಕ್ತದಾಗ ಐತ್ರಿ ಇದು" ಎನ್ನುತ್ತ ಎದ್ದುಹೋದರು. ಸಂಜೆಯ ಹೊತ್ತಿಗೆ ಪಡೆಪ್ಪ ಅವರ ವಾಟ್ಸಾಪ್ ಸ್ಟೇಟಸ್‌ನಲ್ಲಿದ್ದ, ವಾರದೊಳಗೆ ದೂರದ ಬೀಗನೂ ಆದ.

ಓಟದ ದಾರಿ ಹಳ್ಳಿಗಳ ಕಡೆಗೆ ತಿರುಗಿದಾಗ ಹೊಸದೊಂದು ಕಾರಣ ಹುಟ್ಟಿತು. ಗೊಬ್ಬರದಂಗಡಿ ಎಂದ ಮೇಲೆ ಉದ್ರಿ ಪುಸ್ತಕ ಇದ್ದೇ ಇರುತ್ತದೆ. ಮುಂಗಾರಿಗೆ ಬೀಜ ಒಯ್ದವರು ಕಬ್ಬಿನ ಬಿಲ್ಲು ಬಂದ ಮೇಲೆ ಕೊಡುತ್ತೇವೆ ಎಂದಿರುತ್ತಾರೆ. ಇಂಥ ಹೊತ್ತಿನಲ್ಲಿ ಸೂರ್ಯ ಹುಟ್ಟುವ ಮೊದಲೇ, ಚಡ್ಡಿಯ ಮೇಲೆ, ಏದುಸಿರು ಬಿಡುತ್ತ ಸಾವಕಾರರೇ ಊರೊಳಗೆ ಓಡಿ ಬಂದರೆ? ಚರಿಗೆ ಹಿಡಿದು ಹೊರಟಿದ್ದ ಒಬ್ಬ ರೈತ ಅಲ್ಲಿಂದಲೇ ಕೂಗಿದ, "ಕಾರ್ಖಾನಿ ಬಿಲ್ಲ ಇನ್ನೂ ಬಂದಿಲ್ರಿ ಸಾವಕಾರ್ರ!" ಇನ್ನೊಬ್ಬ ಕಬ್ಬಿನ ಪಡದೊಳಗೆ ಹೊಕ್ಕವನು ಅವರು ದಾಟಿಹೋದ ಮೇಲೂ ಬಹಳ ಹೊತ್ತು ಹೊರಬರಲಿಲ್ಲ. ಮೂರನೆಯವನು ಮಾತ್ರ ಮರ್ಯಾದಸ್ಥ. ಮರುದಿನ ಅಂಗಡಿಗೆ ಬಂದು ಅರ್ಧ ಬಾಕಿ ತೀರಿಸಿ, "ಇನ್ನ ಓಡಿ ಬರಬ್ಯಾಡ್ರಿ, ಊರಾಗ ಮಂದಿ ನೋಡ್ತಾರ" ಎಂದು ಕೈ ಮುಗಿದ. ಸಾವಕಾರರು ಅವತ್ತಿನಿಂದ ದಿನಕ್ಕೊಂದು ಹಳ್ಳಿಯ ದಾರಿ ಹಿಡಿದರು.

ಭಾನುವಾರದ ಏರಿನ ಅಭ್ಯಾಸಕ್ಕೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಹೋದದ್ದು ಭಾರತ ಹುಣ್ಣಿಮೆಯ ಹತ್ತಿರ. ದಾರಿ ತುಂಬ ಚಕ್ಕಡಿ, ಮಹಾರಾಷ್ಟ್ರದಿಂದ ದಿನಗಟ್ಟಲೆ ನಡೆದು ಬಂದವರು, "ಉಧೋ ಉಧೋ" ಎಂಬ ಕೂಗು. ತಲೆಯ ಮೇಲೆ ಬುತ್ತಿಗಂಟು ಹೊತ್ತ ಮುದುಕಿಯೊಬ್ಬಳ ಹಿಂದೆ ಸಾವಕಾರರು ಸಾಕಷ್ಟು ದೂರ ಓಡಿದರು. ಮುಂದೆ ಹೋಗಲಾಗಲಿಲ್ಲ.

"ಏನ್ ಹರಕಿನೋ ಯಪ್ಪಾ?" ಎಂದಳು.

"ಹರಕಿ ಅಲ್ಲಬೇ, ಫಿಟ್ನೆಸ್."

"ಆಕಿ ಗುಡಿ ಎಲ್ಲಿ ಐತೋ ನನಗ ಗೊತ್ತಿಲ್ಲ. ಇರ್ಲಿ, ನಮ್ಮಕಿದೂ ಒಂದಿಷ್ಟ ಹಚ್ಚಿಕೊ" ಎಂದು ಹಣೆಯ ತುಂಬ ಭಂಡಾರ ಬಳಿದಳು. ಗುಡ್ಡದ ಮೇಲೆ ತೆಗೆದ ಸೆಲ್ಫಿಯಲ್ಲಿ ಸಾವಕಾರರು ಹಳದಿ ಮುಖದ ಹರಕೆಯವರೇ. ಷಡ್ಡಕ ಅದಕ್ಕೆ ಕೈ ಮುಗಿದ ಚಿತ್ರ ಕಳಿಸಿದ.

ತಾಲ್ಲೂಕು ಮೈದಾನದಲ್ಲಿ ಇನ್ನೊಂದು ಗುಂಪು. ಮರಾಠಾ ಲಘು ಪದಾತಿದಳದ ಕೇಂದ್ರ ಬೆಳಗಾವಿಯಲ್ಲೇ ಇರುವುದರಿಂದ ಸೈನ್ಯದ ಭರ್ತಿ ಎಂದರೆ ಇಲ್ಲಿಯ ಹುಡುಗರಿಗೆ ಮನೆಮಾತು. ಅಗ್ನಿವೀರ ಭರ್ತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಆ ಓಟದ ಅಂಕವೆಲ್ಲ ಕೈಗೆ. ಸಾವಕಾರರಿಗೆ ಒಂದೇ ಕಿಲೋಮೀಟರಿಗೆ ಎಂಟು ನಿಮಿಷ ಬೇಕು. ಮೂರನೆಯ ಸಲ ಇವರನ್ನು ಹಿಂದೆ ಹಾಕಿದ ಹುಡುಗ ವೇಗ ತಗ್ಗಿಸಿ ಜೊತೆಗೆ ಬಂದು ಮೆಲ್ಲಗೆ ಕೇಳಿದ, "ಅಂಕಲ್, ನಿಮ್ಮ ಪೋಸ್ಟಿಗೆ ಏಜ್ ಲಿಮಿಟ್ ಇಲ್ಲೇನ್ರಿ?"

ಅಷ್ಟರಲ್ಲಿ ನೋಂದಣಿಯೂ ಆಯಿತು. ಆರಿಸಿಕೊಂಡದ್ದು ಸಾತಾರಾ ಹಿಲ್ ಹಾಫ್ ಮ್ಯಾರಥಾನ್. ಹೆದ್ದಾರಿ 48 ಹಿಡಿದರೆ ಕೊಲ್ಹಾಪುರ ದಾಟಿ ನೇರ ಸಾತಾರಾ. 2012ರಲ್ಲಿ ಶುರುವಾದ ಓಟ, 2015ರಲ್ಲಿ ಗಿನ್ನೆಸ್ ದಾಖಲೆ ಸೇರಿತ್ತು. ಹೆಸರಿನಲ್ಲಿ 'ಹಿಲ್' ಇರುವುದನ್ನು ಸಾವಕಾರರು ದುಡ್ಡು ಕಟ್ಟಿದ ಮೇಲೆ ಗಮನಿಸಿದರು.

ಮಳೆಗಾಲಕ್ಕೆ ಎರಿ ಹೊಲದ ಹಾದಿ ಹಿಡಿದಾಗ ಬೂಟಿನ ಪರೀಕ್ಷೆ. ಡಬ್ಬಿಯ ಮೇಲೆ ಗರಿಯಷ್ಟು ಹಗುರ ಎಂದು ಬರೆದಿತ್ತು. ನೂರು ಹೆಜ್ಜೆ ಇಟ್ಟರೆ ಎರಡೂ ಕಾಲಿಗೆ ಕಿಲೋ ಕಿಲೋ ಕರಿ ಮಣ್ಣು ಮೆತ್ತಿ, ಸಾವಕಾರರು ಮೂರು ಇಂಚು ಎತ್ತರವಾದರು. ಆಹಾರದ ಪ್ರಯೋಗವೂ ನಡೆದಿತ್ತು. ಪುಡಿಕೆಯಲ್ಲಿ ಬರುವ ಜೆಲ್ ಎಂಬ ಸಿಹಿ ಅಂಟನ್ನು ತರಿಸಿದರು. ಶುಗರ್ ಇಳಿಸಲು ಓಡಬೇಕು, ಓಡಲು ಶುಗರ್ ನುಂಗಬೇಕು ಎಂಬ ಲೆಕ್ಕ ಮನೆಯಾಕೆಗೆ ಹತ್ತಲಿಲ್ಲ. ಆಕೆ ಗೋಕಾಕ ಕರದಂಟನ್ನು ಸಣ್ಣಗೆ ಹೆಚ್ಚಿ ಕಿಸೆಗೆ ಹಾಕಿಕೊಟ್ಟಳು. ಅಂಟು, ಬೆಲ್ಲ, ಒಣಹಣ್ಣು ಎಲ್ಲ ಅದರಲ್ಲೇ ಇದ್ದವು.

ಓಟದ ಮುಂಚಿನ ಎರಡು ಮೂರು ದಿನ ಅನ್ನ-ರೊಟ್ಟಿಯಂಥ ಪಿಷ್ಟದ ಊಟ ಹೆಚ್ಚಿಸಬೇಕೆಂದು ಎಲ್ಲ ತರಬೇತಿ ಪಟ್ಟಿಗಳೂ ಹೇಳುತ್ತವೆ. ಸಾವಕಾರರು ಅದನ್ನು ಮೂರು ವಾರ ಮೊದಲೇ, ರಾಮದುರ್ಗದ ಮಾವನ ಮನೆಯಲ್ಲಿ ಶುರುಮಾಡಿದರು. ಮಾದಲಿ, ಹೋಳಿಗೆ, ಮೇಲೆ ಹಾಲು-ತುಪ್ಪ. ಊಟವಾದ ಮೇಲೆ ಮಾವನಿಗೆ ಹೆಜ್ಜೆಗಳ ಲೆಕ್ಕ ವಿವರಿಸಿದರು: ಒಳ್ಳೆಯ ಓಟಗಾರನ ಕಾಲು ನಿಮಿಷಕ್ಕೆ ನೂರೆಂಬತ್ತು ಸಲ ನೆಲ ಮುಟ್ಟಬೇಕು. ರಾಮದುರ್ಗ ಸೀರೆ ನೇಯುವ ಊರು. ಮಾವ ಕೈಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ತುಳಿಮಣೆ ತುಳಿದೇ ಮೂರು ಹೆಣ್ಣುಮಕ್ಕಳ ಮದುವೆ ಮಾಡಿದವರು. ಎಲೆಗೆ ಸುಣ್ಣ ಸವರುತ್ತ, "ನಾ ನಲವತ್ತ ವರ್ಷ ಕುಂತಲ್ಲೇ ಓಡೀನಿ ತಗೋರಿ ಅಳಿಯಂದ್ರ" ಎಂದರು.

ಕೊನೆಯ ದೊಡ್ಡ ಅಭ್ಯಾಸಕ್ಕೆ ಸಾವಕಾರರು ಚರಿತ್ರೆಯ ದಾರಿ ಆರಿಸಿದರು. ಬೈಲಹೊಂಗಲದಲ್ಲಿ ಚೆನ್ನಮ್ಮ ರಾಣಿಯ ಸಮಾಧಿ, ಕಿತ್ತೂರಿನಲ್ಲಿ ಆಕೆಯ ಕೋಟೆ. ನಡುವಿನ ದೂರ ಹಾಫ್ ಮ್ಯಾರಥಾನಿಗಿಂತ ತುಸು ಹೆಚ್ಚೇ. ಬಾಳೆಹಣ್ಣು, ನೀರು, ಓಆರ್‌ಎಸ್ ಇಟ್ಟುಕೊಂಡು ಹೆಂಡತಿ ಸ್ಕೂಟಿಯ ಮೇಲೆ ಹಿಂದೆ ಬಂದಳು. ಮುಂದೆ ಬೆವರು ಸುರಿಸುತ್ತ ಓಡುವ ಗಂಡ, ಹಿಂದೆ ಹಾರ್ನ್ ಹೊಡೆಯುತ್ತ "ನಿಂದರ್ರಿ, ನಿಂದರ್ರಿ" ಎನ್ನುವ ಹೆಂಡತಿ. ದಾರಿಯ ಮಂದಿಗೆ ಇದಕ್ಕಿಂತ ಸ್ಪಷ್ಟವಾದ ಕಾರಣ ಬೇಕಿರಲಿಲ್ಲ. ಬಸ್ ಸ್ಟಾಪಿನಲ್ಲಿ ಕೂತಿದ್ದ ಹಿರಿಯರೊಬ್ಬರು ಅಡ್ಡ ಬಂದು ಸ್ಕೂಟಿ ನಿಲ್ಲಿಸಿ, "ತಂಗೀ, ಏನ ತಪ್ಪ ಮಾಡಿದ್ರೂ ಹೊಟ್ಯಾಗ ಹಾಕ್ಕೊ. ಅಂವಗ ದಣಿವಾಗೇತಿ, ಮನೀಗಿ ಕರಕೊಂಡ ಹೋಗ" ಎಂದರು. ನೀರಿನ ಬಾಟಲಿ ಅಲ್ಲೇ ಉಳಿಯಿತು. ಸಾವಕಾರರು ಕೋಟೆಯ ಹತ್ತಿರದವರೆಗೆ ಬಾಯಾರಿ ಓಡಿದರು.

ಸಾತಾರಾದಲ್ಲಿ ಯಾರೂ ಏನೂ ಕೇಳಲಿಲ್ಲ. ಯವತೇಶ್ವರ ಘಾಟಿನ ಬುಡದಲ್ಲಿ ಸಾವಿರಾರು ಮಂದಿ ನಿಂತಿದ್ದರು. ಎಲ್ಲರ ಕೈಯಲ್ಲೂ ಅದೇ ಕಪ್ಪು ವಾಚು. ಬಹುಶಃ ಎಲ್ಲರಿಗೂ ಒಬ್ಬೊಬ್ಬ ಷಡ್ಡಕ. ಕಾಸ್ ಪ್ರಸ್ಥಭೂಮಿಯ ಕಡೆಗೆ ಹೋಗುವ ಆ ರಸ್ತೆಯಲ್ಲಿ ಮೊದಲರ್ಧವೆಲ್ಲ ಏರು. ಏಳನೆಯ ಕಿಲೋಮೀಟರಿನಲ್ಲಿ ಸಾವಕಾರರು ಹಿಂದೆ ಮುಂದೆ ನೋಡಿದರು. "ಹತ್ರಿ ಸಾವಕಾರ್ರ, ಮುಟ್ಟಸ್ತೇನಿ" ಎನ್ನುವ ಒಂದೇ ಒಂದು ಬೈಕೂ ಇರಲಿಲ್ಲ. ಕರದಂಟು ತಿಂದರು. ಇಳಿಜಾರಿನಲ್ಲಿ ಮೊಣಕಾಲು ಕೂಗಿದವು. ಮುಗಿಸಿದಾಗ ವಾಚಿನಲ್ಲಿ ಎರಡು ತಾಸು ಐವತ್ತನಾಲ್ಕು ನಿಮಿಷ. ಕೊರಳಿಗೆ ಪದಕ ಬಿದ್ದ ಅರ್ಧ ನಿಮಿಷಕ್ಕೆ ಫೋಟೊ ಬೆಂಗಳೂರು ತಲುಪಿತ್ತು.

ಊರಿನ ಪ್ರಶ್ನೆಗಳು ಘಾಟಿಗಿಂತ ಕಡಿದಾಗಿದ್ದವು.

"ಎಷ್ಟನೇ ನಂಬರ್ ಬಂತ್ರಿ?"

"ನಂಬರ್ ಅಲ್ರಿ, ಮುಗಸೂದು ಮುಖ್ಯ."

"ರೊಕ್ಕ ಎಷ್ಟ ಕೊಟ್ರಿ?"

"ನಾನ ಕೊಟ್ಟೇನಿ."

"ಹಾಫ್ ಯಾಕ್ರಿ? ಉಳದದ್ದು ಓಡಾಕ ಆಗಲಿಲ್ಲೇನು?"

ಚಹಾದಂಗಡಿಯಲ್ಲಿ ಪದಕವನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಪಿ.ಟಿ. ಮಾಸ್ತರು ತಮ್ಮ ಸರದಿ ಬಂದಾಗ ಅದರ ಹಿಂದುಮುಂದು ತಿರುವಿ, "ಟೈಮ್ ಎಷ್ಟಾತ್ರಿ?" ಎಂದರು.

"ಎರಡ ತಾಸು ಐವತ್ನಾಲ್ಕ ನಿಮಿಷರಿ."

"ಪಡೆಪ್ಪಂದು ಆಂಟ್ವರ್ಪಿನಾಗ ಎರಡ ತಾಸು ಐವತ್ತ ನಿಮಿಷ, ನಲವತ್ತೈದ ಸೆಕೆಂಡ್. ಹತ್ತೊಂಬತ್ತನೇ ನಂಬರ್."

ಸಾವಕಾರರು ಬೆಂಚಿನಿಂದ ಅರ್ಧ ಎದ್ದರು. "ಅಂದ್ರ ಬರೇ ಮೂರ ನಿಮಿಷದ ಫರಕು!"

"ಹೂಂ. ಅಂವಾ ಫುಲ್ ಓಡಿದ್ದ. ಆ ವರ್ಷ ದೂರಾನೂ ಜಾಸ್ತಿ ಇತ್ತು, ನಲವತ್ತೆರಡೂ ಮುಕ್ಕಾಲು ಕಿಲೋಮೀಟರ್."

ಅಂಗಡಿಯಲ್ಲಿ ಸ್ಟೋವಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಸಾವಕಾರರು ಫೋನ್ ತೆಗೆದು ಹುಡುಕಿದರು, ಬೆರಳಿನಿಂದ ನಕಾಶೆಯನ್ನು ದೊಡ್ಡದು ಮಾಡಿದರು, ಮಾಸ್ತರರ ಮೂಗಿನ ಮುಂದೆ ಹಿಡಿದರು.

"ನೋಡ್ರಿ ಸರ. ಆಂಟ್ವರ್ಪ್ ಪೂರಾ ಸಪಾಟ ಐತಿ. ಗುಡ್ಡ ಅನ್ನೂದು ಒಂದೂ ಇಲ್ಲ."

ಮಾಸ್ತರು ಕನ್ನಡಕ ಏರಿಸಿಕೊಂಡು ಬೆಲ್ಜಿಯಮ್ಮನ್ನು ನಿಧಾನವಾಗಿ ನೋಡಿದರು. ಆಮೇಲೆ ಅಂಗಡಿಯಲ್ಲಿದ್ದ ಎಲ್ಲರ ಚಹಾದ ರೊಕ್ಕವನ್ನೂ ಸಾವಕಾರರ ಹೆಸರಿಗೆ ಉದ್ರಿ ಬರೆಸಿ ಎದ್ದರು.