ಸ್ಪೈಡರ್‌ಮ್ಯಾನ್ ರಂಗಂಪೇಟಿಗೆ ಬರಬೇಕು

ಹುಡುಗಗ ಬೈಬ್ಯಾಡ್ರಿ ಕಾಕಾ. ಅವ ಮೊಬೈಲ್ ಹಿಡ್ಕೊಂಡು ಕುಂತಾನಂದ್ರ ತಪ್ಪು ಅವಂದಲ್ಲ. ನಿನ್ನಿ ಇದೇ ಗ್ವಾಡಿ ಹತ್ರ ನಿಂತು, ಸ್ಪೈಡರ್‌ಮ್ಯಾನ್ ಪುಸ್ತಕ ಕನ್ನಡದಾಗ ಎಲ್ಲಿ ಸಿಗ್ತದ ಅಂತ ನನ್ನ ಕೇಳಿದ. ಏನು ಹೇಳ್ಲಿ? ನಮ್ಮ ರಂಗಂಪೇಟ್ಯಾಗ ನೋಟ್‌ಬುಕ್ ಸಿಗ್ತಾವ, ಗೈಡ್ ಸಿಗ್ತಾವ, ಪಂಚಾಂಗ ಸಿಗ್ತದ. ಚಿತ್ರಕಥಿ ಪುಸ್ತಕ ಮಾತ್ರ ಸುರಪುರ ಬಸ್‌ಸ್ಟ್ಯಾಂಡ್‌ನಾಗೂ ಕಾಣಂಗಿಲ್ಲ. ಓದಬೇಕು ಅನ್ನೋ ಹುಡುಗನ ಕೈಯಾಗ ಪುಸ್ತಕ ಇಡಲಾರದೆ, ಮೊಬೈಲ್ ಕಸ್ಗೊಂಡ್ರ ಅವ ಏನು ಮಾಡಬೇಕ್ರಿ?

ನಿಮ್ಮ ಕಾಲಕ್ಕ ಹಿಂಗ ಇರಲಿಲ್ಲ. 1964ಕ್ಕ ಟೈಮ್ಸ್ ಆಫ್ ಇಂಡಿಯಾದವ್ರು ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದ್ರು. ಫ್ಯಾಂಟಮ್, ಮ್ಯಾಂಡ್ರೇಕ್ ಕನ್ನಡದಾಗ ಮಾತಾಡಿದ್ರು. ಸುಧಾದಾಗೂ ಫ್ಯಾಂಟಮ್ ವಾರ ವಾರ ಬರ್ತಿದ್ದ. ದೊಡ್ಡವ್ರು ಧಾರಾವಾಹಿ ಓದಿ ಮುಗಿಸೋ ತನಕ ಹುಡುಗ್ರು ಕಾಯೋದು, ಕಡೀಗೆ ಪುಸ್ತಕ ಕಸ್ಗೊಂಡು ಓಡೋದು. ಇಂದ್ರಜಾಲ 1990ಕ್ಕ ನಿಂತಿತು. ಆಮ್ಯಾಲ ಬಂದವ್ರಿಗೆ ಬಾಲಮಂಗಳದ ಡಿಂಗನೇ ಸೂಪರ್‌ಹೀರೋ. ಕಾಡಿನ ಒಂದು ಇಲಿ, ಬ್ಯಾರೆ ಗ್ರಹದವ್ರು ಎತ್ಕೊಂಡು ಹೋಗಿ ಶಕ್ತಿ ಕೊಟ್ಟು ಕಳಸ್ತಾರ. ಮಲಯಾಳಂನಾಗ 1983ಕ್ಕ ಡಿಂಕನ್ ಅಂತ ಹುಟ್ಟಿದಂವ ಅವ. ಆದ್ರ ನಮ್ಮ ಕಡಿ ಯಾವ ಹುಡುಗಾದ್ರೂ ಅವನ್ನ ಪರದೇಶಿ ಅಂದಾನೇನು? ಕನ್ನಡದಾಗ ಮಾತಾಡ್ದ, ನಮ್ಮಂವ ಆದ. ಆ ಪತ್ರಿಕೀನೂ ಈಗ ಇಲ್ಲ.

ಇನ್ನೊಂದು ಸಂಗತಿ ಭಾಳ ಜನಕ್ಕ ಗೊತ್ತಿಲ್ಲ. ಅಮರ ಚಿತ್ರಕಥಾ ಅಂದ್ರ ಕಾರ್ಕಳದಾಗ ಹುಟ್ಟಿದ ಅನಂತ ಪೈ ಅವ್ರ ಹೆಸರು ಹೇಳ್ತಾರ, ಖರೇನೇ. ಆದ್ರ ಅದರ ಮೊದಲ ಪುಸ್ತಕಗಳು ಬೆಂಗಳೂರಿನ ಜಿ.ಕೆ. ಅನಂತರಾಮ್ ಅವ್ರ ಮುತುವರ್ಜಿಲಿಂದ 1965ಕ್ಕ ಕನ್ನಡದಾಗ ಬಂದಿದ್ವು, ಇಂಗ್ಲಿಷ್‌ನಾಗಲ್ಲ. ಕನ್ನಡದಾಗ ಶುರುವಾದದ್ದು ಇವತ್ತು ನಮ್ಮೂರ ಹುಡುಗ್ರಿಗೇ ಸಿಗಂಗಿಲ್ಲ ಅಂದ್ರ ನನಗ ಹೊಟ್ಟ್ಯಾಗ ಸಂಕಟ ಆಗ್ತದ.

ಸ್ಪೈಡರ್‌ಮ್ಯಾನ್ ಕನ್ನಡದಾಗ ಯಾಕ ಬರಂಗಿಲ್ಲ ಅಂತೀರಿ? ಬರೋದು ಸುಲಭ ಇಲ್ಲ, ಅದೂ ಖರೇ. ಹೊರಗಿನ ಕಂಪನೀಗೆ ಹಕ್ಕಿನ ದುಡ್ಡು ಕೊಡಬೇಕು, ಅನುವಾದ ಮಾಡಸ್ಬೇಕು, ಪುಟ ಪುಟಕ್ಕೂ ಬಣ್ಣದ ಅಚ್ಚು. ಮಾರಲಾರದ ಪ್ರತಿ ವಾಪಸ್ ಹೋಗ್ತಾವ. ಹತ್ತು ಪ್ರತಿ ಸಲುವಾಗಿ ಯಾವ ಏಜೆಂಟ್ ಇಲ್ಲೀತನಕ ಬಂಡಲ್ ತರಸ್ತಾನ?

ಆದ್ರ ಕೇಳೋ ಮಂದಿ ಕಡಿಮಿ ಅಂತ ಮಾತ್ರ ಹೇಳಬ್ಯಾಡ್ರಿ. ಸ್ವೀಡನ್ ಅನ್ನೋ ಸಣ್ಣ ದೇಶದಾಗ ಜನ ಇರೋದು ಒಂದು ಕೋಟಿ ಮ್ಯಾಲ ಒಂದಿಷ್ಟು. ಅವ್ರು 1950ಕ್ಕೇ ತಮ್ಮ ಭಾಷಾದಾಗ ಫ್ಯಾಂಟಮ್ ಪತ್ರಿಕಿ ಹಚ್ಚಿದ್ರು. ಮುಂದ ಅಮೆರಿಕದ ಕಥಿ ಸಾಲಲಿಲ್ಲಂತ ತಾವೇ ಹೊಸಾ ಕಥಿ ಬರೆಸಿ, ಚಿತ್ರ ತೆಗೆಸಿದ್ರು. 2011ರ ಜನಗಣತಿ ಪ್ರಕಾರ ಕನ್ನಡ ತಾಯ್ನುಡಿ ಆದವ್ರು 4 ಕೋಟಿ 37 ಲಕ್ಷ.

ನಮ್ಮಲ್ಲಿ ಕಥಿಗೇನು ಬರ ಅದ? ಸುರಪುರದ ರಾಜಾ ವೆಂಕಟಪ್ಪ ನಾಯಕನ ಬದುಕು ನೋಡ್ರಿ. ಸಣ್ಣ ವಯಸ್ಸಿನ್ಯಾಗ ಗಾದಿ, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬನ್ನ ಅಪ್ಪಾ ಅಂತ ಕರಿತಿದ್ದ ಹುಡುಗ, 1858ಕ್ಕ ಬ್ರಿಟಿಷರ ಜೋಡಿ ಕಾದಾಟ, ಅದೇ ವರ್ಷ ಸಾವು. ಇಪ್ಪತ್ನಾಲ್ಕರ ಮ್ಯಾಲ ಬದುಕಂಗಿಲ್ಲ ಅಂತ ಜಾತಕ ಮೊದಲೇ ಹೇಳಿತ್ತಂತ ಟೇಲರೇ ಬರದಿಟ್ಟಾನ. ಚಿತ್ರ ತೆಗಿಯೋರೂ ನಮ್ಮಲ್ಲಿ ಇದ್ರು. ಸುರಪುರದ ಚಿಕಣಿ ಚಿತ್ರದಾಗಿನ ಆ ಸಣ್ಣ ಗೆರಿ, ಆ ಬಂಗಾರದ ಕೆಲಸ ನೋಡಿದವ್ರು ಮರಿಯಂಗಿಲ್ಲ. ವೇಣುಗೋಪಾಲ ಸ್ವಾಮಿ ಜಾತ್ರ್ಯಾಗ ಜಾರೋ ಕಂಬ ಏರೋ ನಮ್ಮ ಹುಡುಗರನ್ನ ಯಾರಾರ ಚಿತ್ರಕಥ್ಯಾಗ ಕುಂದ್ರಿಸ್ಲಿ, ಸ್ಪೈಡರ್‌ಮ್ಯಾನ್ ಪಕ್ಕದಾಗೇ ಇಟ್ಟು ಓದ್ತಾರ. ಎರಡೂ ಬೇಕ್ರಿ ಕಾಕಾ. ನಮ್ಮ ನಾಯಕ ಬಂದಾನಂತ ಹೊರಗಿನಂವ ಬರಬ್ಯಾಡ ಅನ್ನೋ ಮಾತು ನಂದಲ್ಲ.

ಅದೆಲ್ಲಾ ಆಗೋತನಕ ಒಂದು ದಾರಿ ಅದ. ನೀವು ನಗರಸಭೆಗೆ ಆಸ್ತಿ ತೆರಿಗಿ ಕಟ್ತೀರಲ್ಲ, ಆ ಪಾವತಿ ತೆಗದು ನೋಡ್ರಿ. ಅದ್ರಾಗ ಗ್ರಂಥಾಲಯ ಕರ ಅಂತ ರೂಪಾಯಿಗೆ ಆರು ಪೈಸೆ ಸೇರಿರ್ತದ. ನಮ್ಮ ರೊಕ್ಕ ಅದು. ಗ್ರಂಥಾಲಯದವ್ರು ಸ್ಪರ್ಧಾ ಪರೀಕ್ಷಾ ಪುಸ್ತಕ ತರಸ್ಲಿ, ಬ್ಯಾಡ ಅನ್ನಂಗಿಲ್ಲ. ಅದರ ಜೋಡಿ ಕನ್ನಡದ ಚಿತ್ರಕಥಿಗೂ ಒಂದು ಕಪಾಟು ಇಡ್ಲಿ. ಬರೇ ಒಂದು ಪ್ರತಿ ಬಂದ್ರೂ ಓಣಿ ಓಣಿ ಹುಡುಗ್ರು ಓದ್ತಾರ. ಅರ್ಜಿ ನಾ ಬರಿತೀನಿ. ಮೊದಲ ಸಹಿ ನಿಮ್ದೇ ಆಗ್ಲಿ, ಸೋಮವಾರ ಮುಂಜಾನಿ ಇಬ್ರೂ ಕೂಡಿ ಹೋಗಿ ಕೊಟ್ಟು ಬರೋಣು.