ಚಿನ್ನು ಅಪ್ಪನ ನೆಗಡಿ ತನಿಖೆ

ಜೂನ್ ಬಂದು, ಬೆಂಗಳೂರಿನ ಬಡಾವಣೆಗಳ ಪ್ಲೇ ಹೋಮ್ ಗೇಟುಗಳಲ್ಲಿ ಮಕ್ಕಳ ಅಳು ತಗ್ಗಿ, ಇನ್ನೇನು ಎಲ್ಲ ಒಂದು ಹದಕ್ಕೆ ಬಂತು ಅನ್ನುವಷ್ಟರಲ್ಲಿ ಮಗುವಿನ ಮೂಗು ಸೋರತೊಡಗುತ್ತದೆ. ಅದೇ ಗಳಿಗೆಯಲ್ಲಿ ಒಬ್ಬ ತನಿಖಾಧಿಕಾರಿ ಅಧಿಕಾರ ವಹಿಸಿಕೊಳ್ಳುತ್ತಾನೆ. ನೇಮಕಾತಿ ಆದೇಶವಿಲ್ಲ, ಸಂಬಳವಿಲ್ಲ, ಟಿ.ಎ., ಡಿ.ಎ. ಮೊದಲೇ ಇಲ್ಲ, ವ್ಯಾಪ್ತಿ ಮಾತ್ರ ಯುಕೆಜಿಯನ್ನೂ ದಾಟಿ ಆಯಾಳ ಮನೆಯವರೆಗೆ. ಇವನಿಗೆ ಸ್ವಂತ ಹೆಸರಿಲ್ಲ. ಉಳಿದ ಪೋಷಕರ ಫೋನುಗಳಲ್ಲೆಲ್ಲ ‘ಚಿನ್ನು ಅಪ್ಪ’ ಎಂದೇ ಸೇವ್ ಆಗಿರುತ್ತಾನೆ. ನಾವೂ ಹಾಗೇ ಕರೆಯೋಣ. ಓದಿಕೊಂಡವನು, ಮಗಳನ್ನು ಜೀವದಂತೆ ಹಚ್ಚಿಕೊಂಡವನು, ಸ್ವಭಾವದಲ್ಲಿ ಕೆಟ್ಟವನೇನೂ ಅಲ್ಲ. ಅವನ ತಕರಾರು ಒಂದೇ. ಚಿನ್ನುಗೆ ನೆಗಡಿ ಬಂದಿದೆ ಅಂದ ಮೇಲೆ ಯಾರೋ ತಂದಿರಲೇಬೇಕು. ತಂದವರು ಯಾರು? ಈ ಪ್ರಶ್ನೆಗೆ ಉತ್ತರ ಸಿಗುವುದು ಅಸಾಧ್ಯ ಎಂಬುದು ಒಂದು ಮಾತು. ಉತ್ತರ ಹುಡುಕುವ ಕೆಲಸವೇ ನೆಗಡಿಯನ್ನು ಇನ್ನಷ್ಟು ಹರಡಿಸುತ್ತದೆ ಎಂಬುದು ಇನ್ನೊಂದು. ಎರಡನೆಯದೇ ನನಗೆ ಮುಖ್ಯ. ಆದರೆ ಮೊದಲನೆಯದನ್ನು ತೀರಿಸಿಕೊಳ್ಳದೆ ಅಲ್ಲಿಗೆ ಹೋದರೆ ಚಿನ್ನು ಅಪ್ಪ ಒಪ್ಪುವುದಿಲ್ಲ.

ಅವನ ತನಿಖಾ ಕ್ರಮ ನೋಡಿ. ಪ್ಲೇ ಹೋಮ್‌ನವರು ವಾಟ್ಸಾಪ್ ಗುಂಪಿಗೆ ‘ಯೆಲ್ಲೋ ಡೇ’ ಫೋಟೊಗಳನ್ನು ಹಾಕುತ್ತಾರೆ. ಹಳದಿ ಫ್ರಾಕು, ಹಳದಿ ಜುಬ್ಬ, ಕೈಯಲ್ಲಿ ಬಾಳೆಹಣ್ಣು. ಉಳಿದವರು ತಮ್ಮ ಮಗು ಎಲ್ಲಿದೆ ಎಂದು ಹುಡುಕಿದರೆ ಚಿನ್ನು ಅಪ್ಪ ಬೆರಳೆರಡನ್ನು ಅಗಲಿಸಿ ಚಿತ್ರ ಹಿಗ್ಗಿಸುತ್ತ ಒಂದೊಂದೇ ಮೂಗನ್ನು ಪರೀಕ್ಷಿಸುತ್ತಾನೆ. ಎಡಗಡೆಯಿಂದ ನಾಲ್ಕನೆಯ ಮೂಗಿನ ಕೆಳಗೆ ಏನೋ ಮಿನುಗುತ್ತಿದೆ. ಸ್ಕ್ರೀನ್‌ಶಾಟ್ ಹೊಡೆದು ಹೆಂಡತಿಗೆ ಕಳಿಸುತ್ತಾನೆ: ‘ನಾನ್ ಹೇಳಿರ್ಲಿಲ್ವಾ?’ ಮಾರನೆಯ ಬೆಳಿಗ್ಗೆ ಗೇಟಿನ ಹತ್ತಿರ ಮಿಸ್‌ನ ವಿಚಾರಣೆ. ‘ಮಿಸ್, ನಿನ್ನೆ ಯಾವ್ ಮಗು ಕೆಮ್ತಾ ಇತ್ತು?’ ಅವರದು ವರ್ಷಗಳ ಅನುಭವ. ‘ಎಲ್ಲಾರೂ ಕೆಮ್ತಾರೆ ಸಾರ್’ ಅನ್ನುತ್ತಾರೆ. ಇದಕ್ಕಿಂತ ನಿಖರವಾದ ವೈದ್ಯಕೀಯ ಹೇಳಿಕೆ ಆ ಗೇಟಿನ ಬಳಿ ಇನ್ನೊಂದು ಸಿಗಲಾರದು. ಚಿನ್ನು ಅಪ್ಪನಿಗೆ ಮಾತ್ರ ಅದು ಸಾಕ್ಷಿ ಮುಚ್ಚಿಡುವ ಯತ್ನ. ರಾತ್ರಿ ಹನ್ನೊಂದೂವರೆಗೆ ಗುಂಪಿನಲ್ಲಿ ಸಂದೇಶ ಬೀಳುತ್ತದೆ: ‘ಡಿಯರ್ ಪೇರೆಂಟ್ಸ್, ಯಾರಿಗೂ ಬೇಜಾರು ಮಾಡೋ ಉದ್ದೇಶ ಇಲ್ಲ. ಹುಷಾರಿಲ್ಲದ ಮಕ್ಕಳನ್ನು ದಯವಿಟ್ಟು ಕಳಿಸಬೇಡಿ.’ ಕೊನೆಗೆ ಮೂರು ಜೋಡಿ ಮುಗಿದ ಕೈಗಳು. ತಕ್ಷಣ ಸಾಲುಸಾಲಾಗಿ ಹೆಬ್ಬೆಟ್ಟುಗಳು ಮೇಲೇಳುತ್ತವೆ. ಪ್ರತಿಯೊಬ್ಬರೂ ಇದು ಪಕ್ಕದವರಿಗೆ ಹೇಳಿದ್ದು ಎಂದೇ ಒಪ್ಪಿಗೆ ಸೂಚಿಸಿರುತ್ತಾರೆ.

ಈ ಮೊಕದ್ದಮೆ ನಿಲ್ಲದಿರುವುದಕ್ಕೆ ಕಾರಣ ಆರೋಪಿಗಳ ಕೊರತೆಯಲ್ಲ, ಅತಿವೃಷ್ಟಿ. ನೆಗಡಿ ತರುವ ರೈನೋವೈರಸ್ ಒಂದರಲ್ಲೇ ನೂರೈವತ್ತಕ್ಕೂ ಹೆಚ್ಚು ಬಗೆಗಳಿವೆ. ಒಂದಕ್ಕೆ ಬಂದ ಪ್ರತಿರೋಧ ಇನ್ನೊಂದಕ್ಕೆ ಅಷ್ಟಾಗಿ ನಡೆಯದು. ಅದರ ಜೊತೆಗೆ ಆರ್‌ಎಸ್‌ವಿ, ಅಡಿನೋ, ಪ್ಯಾರಾಇನ್‌ಫ್ಲುಯೆಂಜಾ ಮುಂತಾದ ಬಂಧುಬಳಗ. ವೈರಸ್ ಒಳಹೊಕ್ಕ ಮೇಲೆ ಮೂಗು ಸೋರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು, ಮತ್ತು ಮೂಗು ಸೋರುವುದಕ್ಕೆ ಮೊದಲೇ ಮಗು ಅದನ್ನು ಹಂಚತೊಡಗಿರಬಹುದು. ಅಂದರೆ ಯೆಲ್ಲೋ ಡೇ ಫೋಟೊದಲ್ಲಿ ಮಿನುಗುವ ಮೂಗಿನಷ್ಟೇ ಅನುಮಾನಾಸ್ಪದ ಅದರ ಪಕ್ಕದ ಒಣ ಮೂಗು. ಅಮೆರಿಕದ ಯೂಟಾದಲ್ಲಿ ಸಂಶೋಧಕರು 26 ಕುಟುಂಬಗಳ ಎಲ್ಲರ ಮೂಗಿನಿಂದಲೂ ಒಂದು ವರ್ಷ ಪೂರ್ತಿ ವಾರವಾರ ಮಾದರಿ ತೆಗೆದು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಕ್ಕಳಿಲ್ಲದ ಮನೆಗಳಲ್ಲಿ ವರ್ಷಕ್ಕೆ ಮೂರ್ನಾಲ್ಕು ವಾರ ವೈರಸ್ ಸಿಕ್ಕರೆ, ಒಂದು ಮಗುವಿರುವ ಮನೆಗಳಲ್ಲಿ ಸುಮಾರು 18 ವಾರ. ಐದು ವರ್ಷದೊಳಗಿನ ಮಕ್ಕಳಲ್ಲಿ ವರ್ಷದ ಅರ್ಧದಷ್ಟು ವಾರಗಳಲ್ಲಿ ಯಾವುದಾದರೊಂದು ವೈರಸ್ ಇದ್ದೇ ಇತ್ತು. ಅದಕ್ಕಿಂತ ಸ್ವಾರಸ್ಯದ ಸಂಗತಿ, ವೈರಸ್ ಸಿಕ್ಕ ಸಂದರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ರೋಗದ ಲಕ್ಷಣವೇ ಇರಲಿಲ್ಲ. ಇಬ್ಬರಲ್ಲೊಬ್ಬ ಅಪರಾಧಿ ನಗುನಗುತ್ತ ಬಾಳೆಹಣ್ಣು ಹಿಡಿದು ಫೋಟೊಗೆ ನಿಂತಿರುವಾಗ ಮಹಜರು ಬರೆಯುವುದು ಯಾರ ಮೇಲೆ?

‘ಅದೆಲ್ಲ ಸರಿ, ನಮ್ ಚಿನ್ನುಗೇ ಯಾಕೆ ತಿಂಗಳು ತಿಂಗಳೂ?’ ಎಂಬುದು ಅವನ ಮುಂದಿನ ಪ್ರಶ್ನೆ. ಚಿನ್ನುಗೆ ಮಾತ್ರ ಅಲ್ಲ. ಈ ವಯಸ್ಸಿನಲ್ಲಿ ವರ್ಷಕ್ಕೆ ಆರರಿಂದ ಎಂಟು ನೆಗಡಿ ಸಹಜವೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಹತ್ತು ಮಕ್ಕಳ ನಡುವೆ ಹೊಸದಾಗಿ ಕೂತ ಮಗುವಿಗೆ ಮೊದಲ ವರ್ಷ ಇನ್ನೂ ಹೆಚ್ಚು. ಒಂದೊಂದು ನೆಗಡಿ ವಾರ, ಹತ್ತು ದಿನ ಇರುತ್ತದೆ, ಕೆಮ್ಮು ಎರಡು ಮೂರು ವಾರ ಎಳೆಯುತ್ತದೆ. ಗುಣಿಸಿ ನೋಡಿದರೆ ದಸರೆಯೊಳಗೆ ಮಗು ಪೂರ್ತಿ ಹುಷಾರಾಗಿದ್ದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಹುಡುಕಬೇಕಾಗುತ್ತದೆ. ಒಂದು ನೆಗಡಿ ಮುಗಿಯುವ ಮೊದಲೇ ಇನ್ನೊಂದು ಶುರುವಾಗುವುದರಿಂದ ಮನೆಯವರಿಗೆ ಅದೆಲ್ಲ ಒಂದೇ ಉದ್ದನೆಯ ನೆಗಡಿಯಂತೆ ಕಾಣುತ್ತದೆ, ಅಜ್ಜಿಗೆ ದೃಷ್ಟಿಯಾದಂತೆ ಕಾಣುತ್ತದೆ. ತಾಯಿಯಿಂದ ಬಸಿರಿನಲ್ಲೇ ಬಂದ ರಕ್ಷಣೆ ಮೊದಲ ವರ್ಷದಲ್ಲೇ ಕರಗಿರುತ್ತದೆ. ಅಲ್ಲಿಂದ ಮುಂದೆ ಮಗು ಒಂದೊಂದು ವೈರಸ್ಸನ್ನೂ ತಾನೇ ಎದುರಿಸಿ ಕಲಿಯಬೇಕು. ಅದೂ ನಮ್ಮಲ್ಲಿ ಶಾಲೆ ತೆರೆಯುವುದು ಮುಂಗಾರಿನ ಹೊಸ್ತಿಲಲ್ಲಿ. ಕಿಟಕಿ ಮುಚ್ಚಿದ ಕೋಣೆ, ಒಣಗದ ಸಾಕ್ಸು, ಎಲ್ಲರೂ ಕಚ್ಚಿದ ಒಂದೇ ಪ್ಲಾಸ್ಟಿಕ್ ಆನೆ. ಅಂಗನವಾಡಿಯ ಮಕ್ಕಳಿಗೂ ಮೂಗು ಇದೇ ರೀತಿ ಸೋರುತ್ತದೆ. ಕರ್ನಾಟಕಕ್ಕೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಬಂದದ್ದು 1975ರಲ್ಲಿ, ತಿ. ನರಸೀಪುರದಲ್ಲಿ. ಅಂದಿನಿಂದ ಇಂದಿನವರೆಗೆ ಅಲ್ಲಿ ಈ ದರ್ಜೆಯ ತನಿಖಾಧಿಕಾರಿ ಅಷ್ಟಾಗಿ ಹುಟ್ಟಿಕೊಂಡಿಲ್ಲ. ಫೀಸು ಕಟ್ಟದ ಕಡೆ ದೂರು ಕೊಡುವ ಹಕ್ಕಿದೆ ಎಂದು ಯಾರಿಗೂ ಅನ್ನಿಸುವುದಿಲ್ಲವೋ ಏನೋ.

ಇಲ್ಲಿ ಚಿನ್ನು ಅಪ್ಪನ ಕೈಯಲ್ಲಿ ಒಂದು ಬಲವಾದ ವಾದವಿದೆ, ಅದನ್ನು ಹಾರಿಸಿ ಹೋಗುವುದು ಅನ್ಯಾಯ. ಜ್ವರದಲ್ಲಿ ಸುಡುತ್ತಿರುವ ಮಗುವನ್ನು ಶಾಲೆಗೆ ಕಳಿಸುವುದು ತಪ್ಪಲ್ಲವೇ? ತಪ್ಪು. ಜ್ವರ, ವಾಂತಿ, ಭೇದಿ ಇದ್ದರೆ ಮಗು ಮನೆಯಲ್ಲಿರಬೇಕು. ಅದರ ಸುಖಕ್ಕೂ ಅದೇ ಮೇಲು, ಉಳಿದವರಿಗೂ. ಬರೀ ಮೂಗು ಸೋರುತ್ತ ಆಡಿಕೊಂಡಿರುವ ಮಗುವಿಗೂ ಇದೇ ನಿಯಮ ಹೂಡಿದರೆ ಪ್ಲೇ ಹೋಮ್‌ನಲ್ಲಿ ಉಳಿಯುವುದು ಮಿಸ್ ಮತ್ತು ಪ್ಲಾಸ್ಟಿಕ್ ಆನೆ ಮಾತ್ರ. ಇರಲಿ, ಜ್ವರದ ಮಾತಿಗೇ ಬರೋಣ. ಬೆಳಿಗ್ಗೆ ಏಳೂಮುಕ್ಕಾಲು. ಚಿನ್ನುವಿನ ಹಣೆ ಬೆಚ್ಚಗಿದೆ. ಥರ್ಮಾಮೀಟರ್ ಡ್ರಾಯರಿನಲ್ಲಿದೆ, ಯಾರೂ ತೆಗೆಯುವುದಿಲ್ಲ, ಏಕೆಂದರೆ ತೆಗೆದರೆ ಅಂಕಿ ತೋರಿಸಿಬಿಡುತ್ತದೆ. ಅಮ್ಮನಿಗೆ ಹತ್ತಕ್ಕೆ ರಿವ್ಯೂ ಮೀಟಿಂಗು, ಅಪ್ಪನಿಗೆ ಒಂಬತ್ತೂವರೆಗೆ ಕ್ಲೈಂಟ್ ಕಾಲ್. ಪ್ಯಾರಾಸಿಟಮಾಲ್ ಸಿರಪ್ಪಿನ ಮುಚ್ಚಳದಲ್ಲಿ ಗೆರೆ ನೋಡಿಕೊಂಡು ಐದು ಎಂ.ಎಲ್. ಸುರಿದು, ‘ಬರೀ ಬೆಚ್ಚಗಿದೆ ಅಷ್ಟೇ’ ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಔಷಧಿಯ ಗುಣ ನಾಲ್ಕರಿಂದ ಆರು ಗಂಟೆ. ಅದು ಯಾರ ಮೀಟಿಂಗನ್ನೂ ನೋಡಿ ಇಳಿಯುವುದಿಲ್ಲ. ಹನ್ನೆರಡು ಗಂಟೆಯ ಸುಮಾರಿಗೆ ಮಿಸ್ ಫೋನು: ‘ಚಿನ್ನು ಅಮ್ಮಾ, ಮಗೂಗೆ ಮೈ ಸುಡ್ತಿದೆ, ಬಂದು ಕರ್ಕೊಂಡ್ ಹೋಗ್ತೀರಾ?’ ಹಿಂದಿನ ವಾರ ಮುಗಿದ ಕೈಗಳ ಸಂದೇಶ ಕಳಿಸಿದ್ದು ಇದೇ ಮನೆಯಿಂದ.

ಇದನ್ನು ಬೂಟಾಟಿಕೆ ಅಂದುಬಿಡುವುದು ಸುಲಭ. ನಾನು ಹಾಗೆ ಅನ್ನಲಾರೆ. ಇದು ರಜೆಯ ಲೆಕ್ಕಾಚಾರ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರವಾಯಿತು, ಐವತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. 2021ರಲ್ಲಿ ರಾಜ್ಯ ಸರ್ಕಾರಿ ಮಹಿಳಾ ನೌಕರರಿಗೆ 180 ದಿನಗಳ ಶಿಶುಪಾಲನಾ ರಜೆಯೂ ಬಂತು. ಒಳ್ಳೆಯದೇ. ಆದರೆ ಖಾಸಗಿ ಕಂಪನಿಯಲ್ಲಿರುವ, ಎರಡೂವರೆ ವರ್ಷದ ಮಗುವಿನ ತಂದೆತಾಯಿಗೆ ವರ್ಷಕ್ಕೆ ಎಂಟು ನೆಗಡಿ ಸುಧಾರಿಸಲು ಸಿಗುವುದು ಅವರವರ ಸಿ.ಎಲ್. ಮಾತ್ರ, ಅದು ಆಗಸ್ಟಿನೊಳಗೆ ಖಾಲಿ. ಮೇಲಾಗಿ ಆ ಹನ್ನೆರಡು ಗಂಟೆಯ ಫೋನು ಯಾರಿಗೆ ಬಂತೆಂದು ಗಮನಿಸಿ. ಅರ್ಜಿಯಲ್ಲಿ ಇಬ್ಬರ ನಂಬರೂ ಇದ್ದರೂ ಮಿಸ್ ಮೊದಲು ಒತ್ತುವುದು ಅಮ್ಮನ ನಂಬರು. ಮೀಟಿಂಗ್ ಬಿಟ್ಟು ಆಟೊ ಹತ್ತುವವಳು ಅವಳೇ, ರಾತ್ರಿ ಮೂಗು ಕಟ್ಟಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹಾಲಿನಲ್ಲಿ ಸುತ್ತುವವಳೂ ಅವಳೇ. ಶುಶ್ರೂಷೆಯ ಕೆಲಸ ಬೇರೆಯವರ ಪಾಲಿಗೆ ಹೋದದ್ದರಿಂದಲೇ ತನಿಖೆಗೆ ಚಿನ್ನು ಅಪ್ಪನಿಗೆ ಇಷ್ಟು ಬಿಡುವು. ತನಿಖಾಧಿಕಾರಿ ಅಮ್ಮಂದಿರೇ ಇಲ್ಲವೆಂದಲ್ಲ. ಅವರು ಸ್ವಲ್ಪ ಬೇಗ ನಿದ್ದೆಹೋಗುತ್ತಾರೆ, ಅಷ್ಟೇ.

ಈಗ ನನ್ನ ಎರಡನೆಯ ಮಾತು. ತನಿಖೆ ಬಿಗಿಯಾದಷ್ಟೂ ಸುಳ್ಳು ಹೆಚ್ಚುತ್ತದೆ. ಗುಂಪಿನಲ್ಲಿ ಒಂದು ಸಲ ಯಾವುದೋ ಮಗುವಿನ ಅಮ್ಮ ಸಿಕ್ಕಿಬಿದ್ದು, ಉಳಿದವರು ‘ಟೇಕ್ ಕೇರ್’ ಎಂದು ಮುಳ್ಳಿಟ್ಟು ಬರೆದ ಮೇಲೆ ಯಾರೂ ಬಾಯಿ ಬಿಡುವುದಿಲ್ಲ. ಮಗು ಗೈರುಹಾಜರಾದರೆ ‘ಊರಿಗೆ ಹೋಗಿದ್ವಿ’. ಕೆಮ್ಮಿದರೆ ‘ಐಸ್‌ಕ್ರೀಮ್ ತಿಂದಿದ್ಲು’. ಅಂಗೈಯಲ್ಲಿ ಕೆಂಪು ಬೊಬ್ಬೆ ಎದ್ದರೆ ‘ಸೊಳ್ಳೆ ಕಚ್ಚಿದೆ’. ನೆಗಡಿಯ ಮಟ್ಟಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಆದರೆ ಮುಚ್ಚಿಡಬಾರದ ಕಾಯಿಲೆಗಳೂ ಇವೆ. ‘ಹ್ಯಾಂಡ್ ಫೂಟ್ ಮೌತ್’ ಬಂದಾಗ ಮೊದಲ ವಾರ ಹರಡುವುದು ಜೋರು. ಊರಿನಿಂದ ಬಂದ ತಾತ ಮಾತ್ರ ‘ಅದು ದನಕ್ಕೆ ಬರೋ ಕಾಲುಬಾಯಿ ಜ್ವರ ಅಲ್ವೇನೋ? ಮಗೀಗ್ಯಾಕೆ ಬಂತು?’ ಎಂದು ಗಾಬರಿಯಾಗುತ್ತಾರೆ. ಅದೇ ಬೇರೆ ವೈರಸ್, ಇದೇ ಬೇರೆ ಎಂದು ಅವರಿಗೆ ತಿಳಿಹೇಳುವಷ್ಟರಲ್ಲಿ ಬೊಬ್ಬೆ ಒಣಗಿರುತ್ತದೆ. ಚಿಕನ್ ಪಾಕ್ಸ್ ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮೊದಲೇ ಅಂಟುತ್ತದೆ. ದಡಾರವಂತೂ ಇನ್ನೂ ಲಸಿಕೆಯ ವಯಸ್ಸಾಗದ ಮನೆಯ ಹಸುಗೂಸಿಗೆ ನಿಜವಾದ ಅಪಾಯ, ಏಕೆಂದರೆ ಅದರ ಮೊದಲ ಲಸಿಕೆ ಬೀಳುವುದೇ ಒಂಬತ್ತು ತಿಂಗಳು ತುಂಬಿದ ಮೇಲೆ. ಇಂಥಲ್ಲಿ ‘ನಮ್ಮ ಮಗುವಿಗೆ ಬಂದಿದೆ, ನೋಡ್ಕೊಳಿ’ ಎಂದು ಒಬ್ಬರು ಒಂದು ಸಾಲು ಬರೆದರೆ ಹತ್ತು ಮನೆಗೆ ಉಪಕಾರ. ಆ ಸಾಲನ್ನು ಯಾರೂ ಬರೆಯದಂತೆ ಮಾಡಿರುವುದು ಚಿನ್ನು ಅಪ್ಪನ ಶಿಸ್ತು. ಕಳ್ಳನನ್ನು ಹಿಡಿಯಲು ಹೊರಟವನು ಸಾಕ್ಷಿಗಳನ್ನೆಲ್ಲ ಓಡಿಸಿ ಕೂತಿದ್ದಾನೆ.

‘ಹಾಗಾದ್ರೆ ಕೈಕಟ್ಕೊಂಡ್ ಕೂತ್ಕೊಬೇಕಾ?’ ಬೇಡ. ಕೈ ತೊಳೆಯುವುದು, ಊಟದ ಮುಂಚೆ ಮತ್ತು ಡೈಪರ್ ಬದಲಿಸಿದ ಮೇಲೆ ಸೋಪು ಹಾಕುವುದು, ಆನೆಯನ್ನು ಆಗಾಗ ತೊಳೆಯುವುದು, ಕಿಟಕಿ ತೆರೆದಿಡುವುದು, ಲಸಿಕೆಯ ಕಾರ್ಡು ಪೂರ್ತಿ ಮಾಡುವುದು. ಇವುಗಳಿಂದ ಕಾಯಿಲೆ ನಿಲ್ಲದಿದ್ದರೂ ಕಡಿಮೆಯಾಗುತ್ತದೆ. ಆದರೆ ಇದರಲ್ಲಿ ಪತ್ತೇದಾರಿಕೆಯ ರೋಚಕತೆ ಇಲ್ಲವಾದ್ದರಿಂದ ಚಿನ್ನು ಅಪ್ಪನ ಮನಸ್ಸು ಇಮ್ಯೂನಿಟಿ ಬೂಸ್ಟರ್‌ಗಳ ಕಡೆಗೆ ಹೋಗುತ್ತದೆ, ಮೆಡಿಕಲ್ ಶಾಪಿನ ಕೆಮ್ಮಿನ ಸಿರಪ್ಪುಗಳ ಕಡೆಗೆ ಹೋಗುತ್ತದೆ. ಕ್ಲೋರ್‌ಫೆನಿರಮಿನ್–ಫಿನೈಲೆಫ್ರಿನ್ ಜೋಡಿಯ ನೆಗಡಿ ಸಿರಪ್ಪನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬೇಡಿ ಎಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ. ವೈರಸ್ಸಿನ ನೆಗಡಿಗೆ ಆಂಟಿಬಯಾಟಿಕ್ ಏನೂ ಮಾಡಲಾರದು ಎಂದು ಡಾಕ್ಟರು ಬರೆದುಕೊಡದೆ ಕಳಿಸಿದರೆ ಚಿನ್ನು ಅಪ್ಪ ಡಾಕ್ಟರನ್ನೇ ಬದಲಾಯಿಸುತ್ತಾನೆ. ಅಜ್ಜಿ ಒಲೆಯ ಮೇಲೆ ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡಿ, ಜೇನು ಸೇರಿಸಿ, ಮೂಗು ಹಿಡಿದು ನೆಕ್ಕಿಸುತ್ತಾಳೆ. ವರ್ಷ ತುಂಬದ ಕೂಸಿಗೆ ಜೇನು ಕೂಡದು ಎಂಬುದೊಂದನ್ನು ಬಿಟ್ಟರೆ ಅಜ್ಜಿಯ ಮೇಲೆ ನನ್ನ ತಕರಾರಿಲ್ಲ. ಅವಳು ಯಾರ ಮೇಲೂ ದೂರು ದಾಖಲಿಸುವುದಿಲ್ಲ.

‘ಮುಂದಿನ್ ವರ್ಷ ಸೇರ್ಸಿದ್ರೆ ಆಗ್ತಿತ್ತು’ ಎಂಬ ಪಶ್ಚಾತ್ತಾಪಕ್ಕೂ ಒಂದು ಉತ್ತರವಿದೆ. ಅಮೆರಿಕದ ಟುಸಾನ್‌ನಲ್ಲಿ 1980ರಿಂದ ಮಕ್ಕಳನ್ನು ಹುಟ್ಟಿದಾಗಿನಿಂದ ಹಿಂಬಾಲಿಸಿದ ಅಧ್ಯಯನದಲ್ಲಿ, ಎಳವೆಯಲ್ಲೇ ದೊಡ್ಡ ಡೇ ಕೇರ್‌ಗಳಿಗೆ ಹೋದವರಿಗೆ ಎರಡು ವರ್ಷದ ವಯಸ್ಸಿನಲ್ಲಿ ಮನೆಯಲ್ಲಿದ್ದವರಿಗಿಂತ ಹೆಚ್ಚು ಸಲ ನೆಗಡಿಯಾಯಿತು, ಆರರಿಂದ ಹನ್ನೊಂದರ ನಡುವೆ ಕಡಿಮೆ ಸಲ. ಹದಿಮೂರರ ಹೊತ್ತಿಗೆ ಇಬ್ಬರ ಲೆಕ್ಕವೂ ಸಮ. ಅಂದರೆ ಈಗ ಕಟ್ಟದಿದ್ದರೆ ಒಂದನೇ ತರಗತಿಯಲ್ಲಿ ಕಟ್ಟಬೇಕಾದ ಕಂದಾಯ ಇದು. ಹಾಗೆಂದು ವರ್ಷದೊಳಗಿನ ಕೂಸನ್ನು ಬೇಗ ಕಳಿಸಿ ಗಟ್ಟಿ ಮಾಡಿ ಎನ್ನುವುದು ಮೂರ್ಖತನ. ಆ ವಯಸ್ಸಿಗೆ ಆರ್‌ಎಸ್‌ವಿ ಹುಡುಗಾಟವಲ್ಲ. ಉಸಿರಾಡುವಾಗ ಪಕ್ಕೆ ಒಳಗೆಳೆದರೆ, ಮಗು ನೀರು ಹಾಲು ಬಿಟ್ಟು ಮಂಕಾದರೆ, ಜ್ವರ ಮೂರು ದಿನ ದಾಟಿದರೆ ಯಾವ ಅಧ್ಯಯನವನ್ನೂ ಓದುತ್ತ ಕೂರದೆ ಡಾಕ್ಟರ ಬಳಿ ಓಡಬೇಕು.

ಅತ್ತ ಮಗಳ ನೆಗಡಿಯ ಮೂರನೆಯ ದಿನ ಚಿನ್ನು ಅಪ್ಪನ ಗಂಟಲೇ ಕೆರೆಯತೊಡಗುತ್ತದೆ. ಇಡೀ ಪ್ರಕರಣದಲ್ಲಿ ಯಾರಿಂದ ಯಾರಿಗೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದಾದ ಸೋಂಕು ಇದೊಂದೇ. ರಾತ್ರಿಯೆಲ್ಲ ಅವಳು ಅವನ ಮುಖದ ಮೇಲೆಯೇ ಸೀನಿದ್ದಾಳೆ. ಸಿ.ಎಲ್. ಮುಗಿದಿರುವುದರಿಂದ ಅವನು ಆಫೀಸಿಗೆ ಹೋಗುತ್ತಾನೆ. ಕಿಟಕಿ ತೆರೆಯಲಾಗದ ಎ.ಸಿ. ಹಾಲಿನಲ್ಲಿ ಮಧ್ಯಾಹ್ನದವರೆಗೆ ಕರ್ಚೀಫು ಹಿಡಿದು ಸೀನುತ್ತಾನೆ. ಪಕ್ಕದ ಸೀಟಿನವನಿಗೆ ಮನೆಯಲ್ಲಿ ಆರು ತಿಂಗಳ ಕೂಸು. ಅವನು ಕುರ್ಚಿಯನ್ನು ಎರಡಡಿ ಆಚೆ ಸರಿಸಿಕೊಂಡು, ‘ಏನ್ ಗುರೂ, ಮಗೂದು ನಿಂಗೂ ಅಂಟ್ಕೊಂತಾ?’ ಎಂದು ವಿಚಾರಣೆ ಶುರುಮಾಡುತ್ತಾನೆ.

‘ಏ, ಇಲ್ಲಪ್ಪ, ಡಸ್ಟ್ ಅಲರ್ಜಿ,’ ಅನ್ನುತ್ತಾನೆ ಚಿನ್ನು ಅಪ್ಪ. ‘ದಾರೀಲಿ ಮೆಟ್ರೊ ಕೆಲಸ ನಡೀತಿದೆಯಲ್ಲ, ಅದರ ಧೂಳು.’